ಕಿರ್ದಿಗೆ ಬಾರದ ಹೊಗೆ

ನಮ್ಮ ತೀರ್ಥರೂಪರು ಸೊರಬದಲ್ಲಿ ನಡೆಸುತ್ತಿದ್ದ ಚಿಕ್ಕ ಅಕ್ಕಿ ಗಿರಣಿಯ ಹಳೆಯ ಕಿರ್ದಿ ಪುಸ್ತಕಗಳು ಇಂದಿಗೂ ನನ್ನ ಬಳಿ ಇವೆ. ಭತ್ತದ ಖರೀದಿ, ಗೋಣಿಚೀಲ, ಹಮಾಲಿ, ಬಂಡಿ ಬಾಡಿಗೆ, ಕಟ್ಟಿಗೆ ಎಂದು ಪ್ರತಿದಿನದ ಜಮಾಖರ್ಚು ಅವುಗಳಲ್ಲಿ ಪೈಸೆಯವರೆಗೆ ಬರೆಯಲ್ಪಟ್ಟಿದೆ. 1978ರ ಪುಸ್ತಕದಲ್ಲಿ ಒಂದು ಪುಟವುಂಟು. ಭತ್ತ ಬೇಯಿಸುವ ಒಲೆಗೆ ಉಮಿ ಹಾಕುತ್ತಿದ್ದ ಆಳಿನ ಉತ್ತರಕ್ರಿಯೆಗೆಂದು ಕೊಟ್ಟ 150 ರೂಪಾಯಿಗಳನ್ನು ಅಲ್ಲಿ ಧರ್ಮಖಾತೆಗೆ ಖರ್ಚು ಹಾಕಲಾಗಿದೆ.

ಆತನನ್ನು ನಾನು ಬಲ್ಲೆ. ಕುಚ್ಚಲಕ್ಕಿಗಾಗಿ ಭತ್ತ ಬೇಯಿಸುವ ಹಂಡೆಗಳ ಮುಂದೆ ಹತ್ತೊಂಬತ್ತು ವರ್ಷ ನಸುಕಿನಿಂದ ಮಧ್ಯಾಹ್ನದವರೆಗೆ ಕುಳಿತು ದುಡಿದವನು. ಒಂದು ಬೆಳಗಿನ ಜಾವ "ಎದೆ ಹಾರುತ್ತಿದೆ ಒಡೆಯಾ" ಎಂದು ನೀರು ಕೇಳಿ ಕುಡಿದು, ಚೀಲದ ರಾಶಿಗೆ ಒರಗಿದವನು ಮತ್ತೆ ಏಳಲಿಲ್ಲ. ವಯಸ್ಸು ನಲವತ್ತೈದನ್ನು ಮೀರಿರಲಿಲ್ಲ. ವಾಯು ಏರಿತೆಂದು ಊರಿನವರು ಹೇಳಿದರು. ಆಗ ನಾನು ಕಾಲೇಜು ಮೆಟ್ಟಿಲು ಹತ್ತಿದ್ದ ಹುಡುಗ. ನಮ್ಮ ಮನೆಯವರು ಉತ್ತರಕ್ರಿಯೆಯ ಖರ್ಚನ್ನು ತಾವಾಗಿಯೇ ಕೊಟ್ಟರೆಂಬುದು ನನಗೆ ಅಭಿಮಾನದ ಸಂಗತಿಯಾಗಿತ್ತು.

ನಾಲ್ಕು ವರ್ಷಗಳ ಹಿಂದೆ ನನ್ನ ಎದೆಯೂ ಹಾಗೆಯೇ ಹಾರಿತು. ಪರೀಕ್ಷಿಸಿದ ವೈದ್ಯರು ಇ.ಸಿ.ಜಿ. ತೆಗೆದು, ಇದು ಹೃದಯದ ಲಯ ತಪ್ಪುವ ಕಾಯಿಲೆ, ಏಟ್ರಿಯಲ್ ಫಿಬ್ರಿಲೇಷನ್ ಎಂದರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮದ್ಯ, ತಂಬಾಕುಗಳ ವಿಚಾರ ಮುಗಿದ ಮೇಲೆ ಅವರು ಮತ್ತೊಂದು ಪ್ರಶ್ನೆ ಕೇಳಿದರು: "ಹೊಗೆಯಲ್ಲಿ ಎಷ್ಟು ವರ್ಷ ಇದ್ದಿರಿ?" ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದುದರ ಫಲವೇ ಈ ಲೇಖನ. ನಾನು ವೈದ್ಯನಲ್ಲ, ಲೆಕ್ಕ ಬರೆದು ಬದುಕಿದವನು. ಆದುದರಿಂದ ಹೊಗೆಗೂ ಹೃದಯಕ್ಕೂ ಇರುವ ಸಂಬಂಧದ ಲೆಕ್ಕವನ್ನು ಜಗತ್ತು ಯಾವಾಗ, ಹೇಗೆ ಬರೆಯಲು ಕಲಿತಿತೆಂಬ ಇತಿಹಾಸವನ್ನೇ ಇಲ್ಲಿ ಮುಖ್ಯವಾಗಿ ವಿವೇಚಿಸಿದ್ದೇನೆ.

ಮೊದಲು ಲಯವೆಂದರೇನೆಂಬುದನ್ನು ತಿಳಿಯೋಣ. ಹೃದಯದ ಬಲ ಮೇಲ್ಗೋಣೆಯಲ್ಲಿರುವ ಒಂದು ಸಣ್ಣ ಜೀವಕೋಶಗುಚ್ಛವು ವಿದ್ಯುತ್ ಸಂಕೇತವನ್ನು ಹುಟ್ಟಿಸುತ್ತದೆ. ಅದು ನಿಯತವಾದ ದಾರಿಯಲ್ಲಿ ಹರಿದು ಮೇಲ್ಗೋಣೆಗಳನ್ನೂ ಅನಂತರ ಕೆಳಗೋಣೆಗಳನ್ನೂ ಸಂಕೋಚಗೊಳಿಸುತ್ತದೆ. ನಿಮಿಷಕ್ಕೆ ಎಪ್ಪತ್ತರಂತೆ ಎಣಿಸಿದರೆ ದಿನಕ್ಕೆ ಸುಮಾರು ಒಂದು ಲಕ್ಷ ಬಡಿತಗಳು. ಮೇಲ್ಗೋಣೆಗಳಲ್ಲಿ ಸಂಕೇತಗಳು ದಿಕ್ಕುತಪ್ಪಿ ಅವು ಸರಿಯಾಗಿ ಸಂಕೋಚಗೊಳ್ಳದೆ ಕಂಪಿಸತೊಡಗಿದರೆ ಅದು ಏಟ್ರಿಯಲ್ ಫಿಬ್ರಿಲೇಷನ್. ಆಗ ರಕ್ತವು ಅಲ್ಲಿ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹರಿದರೆ ಪಾರ್ಶ್ವವಾಯು. ಈ ಕಾಯಿಲೆಯುಳ್ಳವರಿಗೆ ಪಾರ್ಶ್ವವಾಯುವಿನ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಕೆಳಗೋಣೆಗಳೇ ಹೀಗೆ ಕಂಪಿಸತೊಡಗಿದರೆ ಕೆಲವೇ ನಿಮಿಷಗಳಲ್ಲಿ ಮರಣ ಸಂಭವಿಸುತ್ತದೆ. ನಮ್ಮ ಕಡೆ ಎದೆ ಡವಡವ ಎಂದರೆ ಇಂದಿಗೂ 'ಗ್ಯಾಸ್' ಎಂದು ಸೋಡಾ ಕುಡಿದು ಸುಮ್ಮನಾಗುವವರೇ ಹೆಚ್ಚು.

ಮರಣವನ್ನು ದಾಖಲಿಸುವುದು ನಮ್ಮ ನಾಡಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದು ಹತ್ತನೆಯ ಶತಮಾನದ ಆದಿಭಾಗದಲ್ಲಿ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯು ವ್ಯಾಧಿಪೀಡಿತಳಾಗಿ ಅಧಿಕಾರವನ್ನು ಮಗಳಿಗೊಪ್ಪಿಸಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ವಿಷಯವನ್ನು ಹೇಳುತ್ತದೆ. ನಮ್ಮ ಸೊರಬ ತಾಲ್ಲೂಕಿನ ಉದ್ರಿಯಲ್ಲಿಯೂ ಶ್ರಾವಕರ ಸಮಾಧಿಮರಣವನ್ನು ನಮೂದಿಸಿದ ಕಲ್ಲುಗಳಿವೆ. ಆದರೆ ಒಲೆಯ ಮುಂದೆ ಸತ್ತವರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಹೊಗೆಯಿಂದಾದ ಸಾವು ದಾಖಲೆಗೆ ಬರಬೇಕಾದರೆ ಸಾವಿರಾರು ಜನ ಏಕಕಾಲದಲ್ಲಿ ಸಾಯಬೇಕಾಯಿತು.

ಅದು ನಡೆದುದು ಲಂಡನ್ ನಗರದಲ್ಲಿ. 1952ರ ಡಿಸೆಂಬರ್ 5ರಿಂದ 9ರವರೆಗೆ ಗಾಳಿಯ ಚಲನೆಯಿಲ್ಲದೆ, ಮನೆಮನೆಯ ಹಾಗೂ ಕಾರ್ಖಾನೆಗಳ ಕಲ್ಲಿದ್ದಲಿನ ಹೊಗೆಯು ಮಂಜಿನೊಡನೆ ಬೆರೆತು ನಗರದ ಮೇಲೆ ಕುಳಿತುಬಿಟ್ಟಿತು. ಸಾಮಾನ್ಯಕ್ಕಿಂತ ಹೆಚ್ಚಾಗಿ ಸತ್ತವರು ಸುಮಾರು 4,000 ಎಂದು ಆಗ ಲೆಕ್ಕ ಹಾಕಿದರು. ಮುಂದಿನ ತಿಂಗಳುಗಳ ಮರಣಗಳನ್ನೂ ಸೇರಿಸಿದ ಈಚಿನ ಅಂದಾಜು ಸುಮಾರು 12,000. ಸತ್ತವರಲ್ಲಿ ಶ್ವಾಸಕೋಶದ ರೋಗಿಗಳಂತೆ ಹೃದ್ರೋಗಿಗಳೂ ಇದ್ದರು. ಬ್ರಿಟನ್ 1956ರಲ್ಲಿ ಶುದ್ಧ ಗಾಳಿಯ ಕಾಯಿದೆಯನ್ನು ತಂದಿತು. ಆದರೂ ಹೊಗೆ ಶ್ವಾಸಕೋಶದ ವಿಷಯ, ಹೃದಯಕ್ಕೆ ಅದರಿಂದ ಆಗುವುದು ಪರೋಕ್ಷವಾದ ತೊಂದರೆ ಎಂಬ ನಂಬಿಕೆಯೇ ಬಹುಕಾಲ ಉಳಿಯಿತು.

ಆ ನಂಬಿಕೆಯನ್ನು ಅಲುಗಿಸಿದುದು 1993ರಲ್ಲಿ ಪ್ರಕಟವಾದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನ. ಅಮೆರಿಕದ ಆರು ಊರುಗಳ 8,111 ವಯಸ್ಕರನ್ನು 14ರಿಂದ 16 ವರ್ಷಗಳವರೆಗೆ ಗಮನಿಸಿದಾಗ, ಅತ್ಯಂತ ಮಲಿನ ಗಾಳಿಯ ಊರಿನಲ್ಲಿ ಮರಣದ ಪ್ರಮಾಣವು ಅತ್ಯಂತ ಶುಭ್ರವಾದ ಊರಿಗಿಂತ ಶೇಕಡಾ 26ರಷ್ಟು ಹೆಚ್ಚಾಗಿತ್ತು. ಧೂಮಪಾನ, ವಯಸ್ಸು ಮೊದಲಾದುವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಉಳಿದ ವ್ಯತ್ಯಾಸವಿದು. ಹೃದಯ ಹಾಗೂ ಶ್ವಾಸಕೋಶಗಳ ಕಾಯಿಲೆಯಿಂದಾದ ಮರಣಗಳೇ ಅದರಲ್ಲಿ ಪ್ರಧಾನವಾಗಿದ್ದುವು. ಲಂಡನ್ನಿನಂತಹ ಕತ್ತಲು ಕವಿಯದಿದ್ದರೂ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು ಆಯುಷ್ಯವನ್ನು ಕಡಿಮೆ ಮಾಡುತ್ತವೆಂಬುದು ಇದರಿಂದ ತಿಳಿಯಿತು.

ಆದರೆ ಇದು ವರ್ಷಾಂತ್ಯದ ಆಢಾವೆಯಂತೆ. ಒಟ್ಟು ನಷ್ಟ ತಿಳಿಯಿತೇ ಹೊರತು ಯಾವ ದಿನ, ಯಾವ ಗಳಿಗೆಯಲ್ಲಿ ನಷ್ಟವಾಯಿತೆಂಬುದು ತಿಳಿಯಲಿಲ್ಲ. ಲಯಭಂಗವಾದರೋ ಗಳಿಗೆಯ ಕಾಯಿಲೆ. ಬಂದು ಹೋಗುತ್ತದೆ, ವೈದ್ಯರ ಬಳಿ ಹೋಗುವಷ್ಟರಲ್ಲಿ ಗುರುತೂ ಉಳಿಯುವುದಿಲ್ಲ. 1903ರ ಸುಮಾರಿಗೆ ಹಾಲೆಂಡಿನ ಐಂತ್‌ಹೋವನ್ ಅವರು ರೂಪಿಸಿದ ಇ.ಸಿ.ಜಿ. ಯಂತ್ರವು ಪರೀಕ್ಷೆಯ ಕೆಲವು ಕ್ಷಣಗಳನ್ನು ಮಾತ್ರ ಬರೆಯಬಲ್ಲುದು. ಅದಕ್ಕೆ ಬೇಕಾದ ದಿನವಹಿ ಕಿರ್ದಿ ಸಿಕ್ಕಿದುದು ಬೇರೊಂದು ಸಾಧನದಿಂದ. ಮಾರಕ ಲಯಭಂಗವಾದೊಡನೆ ವಿದ್ಯುತ್ತಿನ ಆಘಾತ ಕೊಟ್ಟು ಬಡಿತವನ್ನು ಸರಿಪಡಿಸುವ ಡಿಫಿಬ್ರಿಲೇಟರ್ ಎಂಬ ಪುಟ್ಟ ಯಂತ್ರವನ್ನು ಮಿಷೆಲ್ ಮಿರೋವ್ಸ್ಕಿ ಮತ್ತು ಅವರ ಸಹೋದ್ಯೋಗಿಗಳು ನಿರ್ಮಿಸಿದರು. 1980ರಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಅಳವಡಿಸಲಾಯಿತು. ಮುಂದೆ ಬಂದ ಸುಧಾರಿತ ಯಂತ್ರಗಳು ಲಯ ತಪ್ಪಿದ ದಿನ, ಗಂಟೆ, ನಿಮಿಷಗಳನ್ನು ತಾವೇ ನಮೂದಿಸಿಕೊಳ್ಳತೊಡಗಿದುವು.

ಹೀಗೆ ರೋಗಿಯ ಎದೆಯೊಳಗಿನ ಕಿರ್ದಿಯನ್ನೂ ಅದೇ ಊರಿನ ಗಾಳಿಯನ್ನು ಅಳೆಯುವ ಕೇಂದ್ರದ ಕಿರ್ದಿಯನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವುದು ಸಾಧ್ಯವಾಯಿತು. ಅಮೆರಿಕದ ಬಾಸ್ಟನ್ ಸುತ್ತಿನ 100 ರೋಗಿಗಳ ಯಂತ್ರಗಳನ್ನು ಪರಿಶೀಲಿಸಿದ ಅಧ್ಯಯನವು 2000ದಲ್ಲಿ ಪ್ರಕಟವಾಯಿತು. ಗಾಳಿ ಮಲಿನವಾದ ದಿನಗಳ ಬೆನ್ನಿಗೆ, ಪದೇ ಪದೇ ಲಯಭಂಗವಾಗುವ ರೋಗಿಗಳಲ್ಲಿ ಯಂತ್ರದ ಆಘಾತಗಳು ಹೆಚ್ಚಿದುದು ಅದರಲ್ಲಿ ಕಂಡುಬಂದಿತು. 2013ರಲ್ಲಿ ಅದೇ ನಗರದ 176 ರೋಗಿಗಳ ಮತ್ತೊಂದು ಅಧ್ಯಯನ ಹೊರಬಂದಿತು. ಅವರಲ್ಲಿ 49 ಮಂದಿಗೆ ಒಟ್ಟು 328 ಬಾರಿ ಏಟ್ರಿಯಲ್ ಫಿಬ್ರಿಲೇಷನ್ ಆಗಿತ್ತು. ಅದಕ್ಕೆ ಹಿಂದಿನ ಎರಡು ಗಂಟೆಗಳಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಸೂಕ್ಷ್ಮ ಕಣಗಳು 6 ಮೈಕ್ರೋಗ್ರಾಂ ಹೆಚ್ಚಿದಾಗ ಲಯಭಂಗದ ಸಂಭವವು ಶೇಕಡಾ 26ರಷ್ಟು ಏರಿತ್ತು. ಹೊಗೆ ಕೆಲಸ ಮಾಡಲು ವರ್ಷಗಳು ಬೇಕಾಗಿಲ್ಲ, ಗಂಟೆಗಳು ಸಾಕು ಎಂಬುದು ಈ ಲೆಕ್ಕದಿಂದ ಸಿದ್ಧವಾಯಿತು. ಅಮೆರಿಕದ ಹೃದಯ ಸಂಘವು 2004ರಲ್ಲಿಯೂ ಮತ್ತೆ 2010ರಲ್ಲಿಯೂ ಹೇಳಿಕೆಗಳನ್ನು ಹೊರಡಿಸಿ, ಗಾಳಿಯ ಮಾಲಿನ್ಯವನ್ನು ಹೃದ್ರೋಗದ ಕಾರಣಗಳ ಸಾಲಿನಲ್ಲಿ ಸೇರಿಸಿದೆ.

ಇದು ಹೇಗಾಗುತ್ತದೆ? 2.5 ಮೈಕ್ರಾನಿಗಿಂತ ಸಣ್ಣ ಕಣ, ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲು, ಮೂಗು ಗಂಟಲುಗಳಲ್ಲಿ ತಡೆಯಲ್ಪಡದೆ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳನ್ನು ಸೇರುತ್ತದೆ. ಅಲ್ಲಿನ ನರಾಗ್ರಗಳು ಕೆರಳಿ, ಹೃದಯದ ವೇಗವನ್ನು ಏರಿಸುವ ಮತ್ತು ಇಳಿಸುವ ನರಗಳ ಸಮತೋಲನವು ಕೆಡುತ್ತದೆ. ಆರೋಗ್ಯವಂತ ಹೃದಯದಲ್ಲಿ ಬಡಿತದಿಂದ ಬಡಿತಕ್ಕೆ ಇರುವ ಅಂತರವು ಕೂದಲೆಳೆಯಷ್ಟು ಹಿಗ್ಗಿ ಕುಗ್ಗುತ್ತಿರುತ್ತದೆ. ಹೊಗೆಗೆ ಸಿಕ್ಕಿದಾಗ ಈ ಹೊಂದಾಣಿಕೆ ಕಡಿಮೆಯಾಗುವುದನ್ನು ಅಳೆದು ನೋಡಿದ್ದಾರೆ. ಶ್ವಾಸಕೋಶದಲ್ಲೆದ್ದ ಉರಿಯೂತದ ದ್ರವ್ಯಗಳು ರಕ್ತದಲ್ಲಿ ಹರಿದು ಹೃದಯದ ಸ್ನಾಯುವನ್ನು ಮುಟ್ಟುವುದು ಎರಡನೆಯ ದಾರಿ. ಅತಿ ಸೂಕ್ಷ್ಮ ಕಣಗಳು ತಾವೇ ರಕ್ತವನ್ನು ಸೇರುವುದು ಮೂರನೆಯದು. ಇದರ ಮೇಲೆ ಅರೆಬೆಂದ ಸೌದೆ ಮತ್ತು ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದು, ಹೃದಯಕ್ಕೆ ಸಲ್ಲಬೇಕಾದ ಆಮ್ಲಜನಕವನ್ನು ತಪ್ಪಿಸುತ್ತದೆ.

ಲಂಡನ್, ಬಾಸ್ಟನ್ ನಗರಗಳ ಮಾತು ದಂಡಾವತಿ ದಂಡೆಯ ನಮಗೇಕೆ, ನಮ್ಮದು ಹಸಿರು ಮಲೆನಾಡಲ್ಲವೇ ಎಂದು ಓದುಗರು ಕೇಳಬಹುದು. ಆದರೆ ಹೊಗೆಗೆ ಊರಿನ ಭೇದವಿಲ್ಲ. 2015ರಲ್ಲಿ ಕ್ಯಾಲಿಫೋರ್ನಿಯದ ಕಾಡುಗಳು ಉರಿದಾಗ, ದಟ್ಟ ಹೊಗೆಯ ದಿನಗಳಲ್ಲಿ ಲಯಭಂಗವೂ ಸೇರಿದಂತೆ ಹೃದಯದ ತೊಂದರೆಗಳಿಂದ ಆಸ್ಪತ್ರೆಗೆ ಧಾವಿಸಿದ ವೃದ್ಧರ ಸಂಖ್ಯೆ ಏರಿತು. ಅದು ಮರದ ಹೊಗೆಯೇ. ನಮ್ಮ ದೇಶದಲ್ಲಿ 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ವಿಜ್ಞಾನಿಯು ಸಹೋದ್ಯೋಗಿಗಳೊಡನೆ ಗುಜರಾತಿನ ಹಳ್ಳಿಗಳ ಅಡುಗೆಮನೆಗಳಲ್ಲಿ ಹೆಂಗಸರು ಸೇವಿಸುವ ಹೊಗೆಯನ್ನು ಅಳೆದರು. ಅದು ಮಹಾನಗರಗಳ ಬೀದಿಯ ಹೊಗೆಯನ್ನು ಎಷ್ಟೋ ಪಾಲು ಮೀರಿತ್ತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮರಣಗಳು ಸಂಭವಿಸಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಅವುಗಳಲ್ಲಿ ಹೃದ್ರೋಗದ ಪಾಲು ದೊಡ್ಡದು.

ನಮ್ಮ ಮನೆಗಳನ್ನೇ ನೆನೆಯೋಣ. ಜಡಿಮಳೆಗೆ ಅಂಜಿ ಕಟ್ಟಿದ ತಗ್ಗು ಮಾಡಿನ ಅಡುಗೆಮನೆ. ಒದ್ದೆ ಸೌದೆ ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ ಕಟ್ಟಿಗೆ. ಊದುಗೊಳವೆ ಹಿಡಿದು ಬಾಗಿದ ತಾಯಿ. ಆಕೆಯ ಸೆರಗಿನಲ್ಲಿ ಒರೆಸಿದ ಕಣ್ಣು. ಹಿತ್ತಲಿನಲ್ಲಿ ಬಚ್ಚಲ ಒಲೆ. ಸುಗ್ಗಿ ಬಂದರೆ ಅಡಕೆ ಬೇಯಿಸುವ ಹಂಡೆಗಳು ವಾರಗಟ್ಟಲೆ ರಾತ್ರಿ ಹಗಲು ಉರಿಯುತ್ತಿದ್ದುವು. ಗಿರಣಿಯ ಅಂಗಳದಲ್ಲಿ ಉಮಿಯ ಒಲೆ. ನಮ್ಮ ಜಿಲ್ಲೆಯಲ್ಲಿಯೇ ಮೈಸೂರು ಸರ್ಕಾರವು 1918ರಲ್ಲಿ ಆರಂಭಿಸಿ 1923ರಲ್ಲಿ ಕೆಲಸಕ್ಕೆ ತೊಡಗಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಮಲೆನಾಡಿನ ಮರವನ್ನು ಇದ್ದಿಲಾಗಿಸಿ ಅದಿರನ್ನು ಕರಗಿಸಿತು. ನಾಡಿಗೆ ಅದು ಕೀರ್ತಿ ತಂದುದು ನಿಜ. ಆದರೆ ಇದ್ದಿಲಿನ ಗೂಡಿನ ಮುಂದೆ ನಿಂತವರ ಎದೆಬಡಿತವನ್ನು ಆ ಕಾಲದಲ್ಲಿ ಯಾರೂ ಎಣಿಸಲಿಲ್ಲ.

ಪರಿಹಾರಕ್ಕೆ ಯತ್ನಿಸಿದವರೂ ನಮ್ಮ ನಾಡಿನವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರವು ಮೂರು ಪಾತ್ರೆಗಳನ್ನು ಒಮ್ಮೆಗೇ ಇಡಬಹುದಾದ, ಹೊಗೆಗೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. 1980ರ ದಶಕದಲ್ಲಿ ಅದು ರಾಜ್ಯದ ಹಳ್ಳಿಗಳನ್ನು ಮುಟ್ಟಿತು. ಗೋಬರ್ ಗ್ಯಾಸ್ ಬಂದಿತು. 2016ರ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರ್ ಬಂದಿತು. ಆದರೂ ಸಿಲಿಂಡರ್ ತುಂಬಿಸುವ ಖರ್ಚಿಗೆ ಅಂಜಿ ಅದನ್ನು ಮೂಲೆಯಲ್ಲಿಟ್ಟು ಸೌದೆ ಉರಿಸುವ ಮನೆಗಳು ಇಂದಿಗೂ ಇವೆ. ಗ್ಯಾಸಿನ ಒಲೆ ಇರುವ ಅನುಕೂಲಸ್ಥರ ಮನೆಗಳಲ್ಲಿಯೂ ಬಚ್ಚಲ ಒಲೆ ನಂದಿಲ್ಲ.

ಕಾನೂನು ಏನು ಹೇಳುತ್ತದೆ? 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನದಲ್ಲಿ ಪರಿಸರವನ್ನು ಕಾಪಾಡುವುದೂ ಜೀವಿಗಳಲ್ಲಿ ದಯೆಯಿರಿಸುವುದೂ ಪೌರನ ಕರ್ತವ್ಯಗಳಾಗಿ ಸೇರಿದುವು. 1981ರಲ್ಲಿ ವಾಯುಮಾಲಿನ್ಯ ನಿವಾರಣೆಯ ಕಾಯಿದೆ ಬಂದಿತು. 2009ರ ರಾಷ್ಟ್ರೀಯ ಮಾನದಂಡದಂತೆ ಸೂಕ್ಷ್ಮ ಕಣಗಳು ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಮನ್ನು ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ 15 ಮಾತ್ರ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ಮಾನದಂಡ ಮುಟ್ಟದ ನಗರಗಳೆಂದು ನಮ್ಮ ರಾಜ್ಯದಿಂದ ಗುರುತಿಸಲ್ಪಟ್ಟ ನಾಲ್ಕರಲ್ಲಿ, ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳೊಡನೆ ನಾವು ವ್ಯಾಪಾರಕ್ಕೆ ಹೋಗಿಬರುವ ದಾವಣಗೆರೆಯೂ ಒಂದು. ಆದರೆ ಈ ಕಾಯಿದೆ ಕಟ್ಟಳೆಗಳ ಕಣ್ಣು ಬೀದಿಯ ಮೇಲೆ, ಕಾರ್ಖಾನೆಯ ಮೇಲೆ. ಮನೆಯ ಒಲೆಯ ಮುಂದಿನ ಗಾಳಿಗೆ ಹೊಣೆಗಾರರು ಗೃಹಸ್ಥರೇ.

ಇಲ್ಲಿ ನಮ್ಮ ಧರ್ಮದ ಮಾತು ಬರುತ್ತದೆ. ಗಾಳಿಯನ್ನೇ ಶರೀರವಾಗುಳ್ಳ ವಾಯುಕಾಯಿಕ ಜೀವಗಳಿವೆಯೆಂದು ಹೇಳಿದ ಪರಂಪರೆ ನಮ್ಮದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನಿಗೆ ಸಲ್ಲದ ಹದಿನೈದು ಕ್ರೂರ ಜೀವಿಕೆಗಳನ್ನು ಪರಿಗಣಿಸುವಾಗ ವನಜೀವಿಕೆ, ಅಗ್ನಿಜೀವಿಕೆಗಳನ್ನೂ ಕಾಡಿಗೆ ಬೆಂಕಿಯಿಡುವುದನ್ನೂ ಸೇರಿಸಿದ್ದಾರೆ. ಶ್ವೇತಾಂಬರ ಆಗಮಗಳಲ್ಲಿ ಇದ್ದಿಲಿನ ವೃತ್ತಿಗೆ ಅಂಗಾರಕರ್ಮವೆಂದೇ ಹೆಸರು. ಆ ಆಚಾರ್ಯರ ದೃಷ್ಟಿಯಲ್ಲಿದ್ದುದು ಬೆಂಕಿಯಲ್ಲಿ ಬೆಂದುಹೋಗುವ ಜೀವರಾಶಿಯೇ ಹೊರತು ಹೃದಯದ ಲಯವಲ್ಲ. ಅವರಿಗೆ ಇಂದಿನ ವಿಜ್ಞಾನ ಮೊದಲೇ ತಿಳಿದಿತ್ತೆಂದು ಹೆಮ್ಮೆಪಡುವುದು ಸತ್ಯವ್ರತಕ್ಕೆ ಒಪ್ಪುವ ಮಾತಲ್ಲ. ಆದರೆ ಬೆಂಕಿಯಿಂದ ಬದುಕುವವನು ತನ್ನ ಬೆಂಕಿ ಯಾರನ್ನು ಸುಡುತ್ತದೆಂದು ಕೇಳಿಕೊಳ್ಳಬೇಕೆಂಬ ಪಾಠವು ಅಲ್ಲಿ ಸ್ಪಷ್ಟವಾಗಿದೆ.

ಆ ಪ್ರಶ್ನೆಯನ್ನು ನಾವು ಕೇಳಿಕೊಂಡೆವೇ? ನಮ್ಮ ಮನೆಯಲ್ಲಿ ನೀರಿನ ಸೂಕ್ಷ್ಮಜೀವಿಗಳಿಗೆ ಹಿಂಸೆಯಾಗಬಾರದೆಂದು ಇಮ್ಮಡಿ ಬಟ್ಟೆಯಲ್ಲಿ ನೀರನ್ನು ಸೋಸುತ್ತಿದ್ದರು. ಸೋಸಿದ ನೀರನ್ನು ಕಾಯಿಸುವುದಕ್ಕೆ ಮತ್ತೊಂದು ಒಲೆ ಹೊತ್ತುತ್ತಿತ್ತು. ಆ ಒಲೆಯ ಮುಂದೆ ಕೆಮ್ಮುತ್ತ ಕುಳಿತಿದ್ದ ನನ್ನ ತಾಯಿಯವರು ಎದೆ ಹೊಡೆದುಕೊಳ್ಳುತ್ತದೆಂದರೆ ಜೀರಿಗೆ ಕಷಾಯ ಕೊಡುತ್ತಿದ್ದೆವು. ಅವರ ಕಾಯಿಲೆಗೆ, ಆ ಆಳಿನ ಸಾವಿಗೆ, ನನ್ನ ಲಯಭಂಗಕ್ಕೆ ಹೊಗೆಯೇ ಕಾರಣವೆಂದು ನಾನು ಹೇಳಲಾರೆ. ಸಾವಿರಾರು ಜನರ ಲೆಕ್ಕದಲ್ಲಿ ಸಿದ್ಧವಾದುದನ್ನು ಒಬ್ಬೊಬ್ಬರ ಮೇಲೆ ಸಾಧಿಸಿ ತೋರಿಸಲು ಬರುವುದಿಲ್ಲ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಮೂಲದಲ್ಲಿ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಇರಿಸಿದ್ದಾರೆ. ನಮ್ಮ ಹಿರಿಯರಿಗೆ ಈ ವಿಷಯ ತಿಳಿದಿರಲಿಲ್ಲ. ನಮಗೆ ತಿಳಿದಿದೆ. ತಿಳಿದ ಮೇಲೂ ಹಾಗೆಯೇ ನಡೆದರೆ ಅದು ಪ್ರಮಾದವಲ್ಲದೆ ಮತ್ತೇನು?

ಓದುಗ ಶ್ರಾವಕ ಶ್ರಾವಿಕೆಯರಲ್ಲಿ ಗಿರಣಿ, ಅಡಕೆ, ಲಾರಿಗಳ ವ್ಯವಹಾರದವರು ಅನೇಕರಿದ್ದಾರೆ. ಒಲೆಗೆ ಎತ್ತರದ ಹೊಗೆಗೊಳವೆ, ಮಸಿ ಹಿಡಿಯುವ ಸಾಧನ, ಉರಿ ಹಾಕುವವರಿಗೆ ಸರದಿಯ ಕೆಲಸ, ವರ್ಷಕ್ಕೊಮ್ಮೆ ಇ.ಸಿ.ಜಿ., ಹೃದಯದ ತೊಂದರೆಯುಳ್ಳವರಿಗೆ ಸಂಬಳ ಕಡಿಮೆ ಮಾಡದೆ ಬೇರೆ ಕೆಲಸ, ಇವು ನಮ್ಮ ಕೈಯಳತೆಯಲ್ಲಿಯೇ ಇವೆ. ಅಂಗಳದಲ್ಲಿ ಕಸ, ಪ್ಲಾಸ್ಟಿಕ್, ತರಗೆಲೆ ಸುಡುವುದನ್ನು ಇಂದೇ ನಿಲ್ಲಿಸಬಹುದು. ಭಗವಾನ್ ಮಹಾವೀರರ ನಿರ್ವಾಣದ ದಿನ ಪಟಾಕಿ ಸುಡುವುದಕ್ಕೆ ನಮ್ಮಲ್ಲಿ ಯಾವ ಆಧಾರವೂ ಇಲ್ಲ. ಎದೆ ಹಾರುತ್ತದೆ ಎಂದು ಮನೆಯವರಾಗಲಿ ಆಳುಗಳಾಗಲಿ ಹೇಳಿದರೆ ನಾಡಿ ಹಿಡಿದು ನೋಡಿ. ಬಡಿತವು ಒಂದಕ್ಕೊಂದು ಸಮನಾಗಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ಭತ್ತ ಬೇಯಿಸುವ ನಮ್ಮ ಹಳೆಯ ಒಲೆಯನ್ನು ಕಳೆದ ವರ್ಷ ಒಡೆಸಿದೆ. ಬಚ್ಚಲಿಗೆ ಸೋಲಾರ್ ಹಂಡೆ ಬಂದಿದೆ. ಆಳಿನ ಮಗನು ಈಗ ಆನವಟ್ಟಿಯ ಕಡೆ ಒಂದು ಸಣ್ಣ ಅಂಗಡಿ ಇಟ್ಟಿದ್ದಾನೆ. ಅವನನ್ನು ಹುಡುಕಿಕೊಂಡು ಹೋಗಿ, ಆತನ ತಂದೆ ನಮ್ಮಲ್ಲಿ ದುಡಿದ ಹತ್ತೊಂಬತ್ತು ವರ್ಷಗಳಿಗೆ ಇಂದಿನ ಲೆಕ್ಕದಲ್ಲಿ ಸಲ್ಲಬೇಕಾದ ಉಪದಾನದ ಮೊತ್ತವನ್ನು ಕೊಟ್ಟುಬಂದೆ. ಅವನು ಮೊದಲು ಒಪ್ಪಲಿಲ್ಲ. "ಅಪ್ಪ ಸತ್ತಾಗ ದೊಡ್ಡ ಧಣಿಗಳು ಕೊಟ್ಟಿದ್ದರಲ್ಲಾ" ಎಂದ. ಮನೆಗೆ ಬಂದು ಕಿರ್ದಿ ತೆರೆದು ಆ ಮೊತ್ತವನ್ನು ಬರೆಯುವಾಗ ಯಾವ ಖಾತೆಗೆ ಹಾಕಲಿ ಎಂದು ಮಗ ಕೇಳಿದನು. ಧರ್ಮಖಾತೆಗೆ ಬೇಡ, ಸಾಲದ ಖಾತೆಗೆ ಹಾಕು ಎಂದೆನು.